ರಂಗೂನಿನಿಂದ ನಾನೂರು ಮೈಲಿ

ವನಮಾಲತ್ತೆಯ ಮಗಳು ಹುಟ್ಟಿದ ಜಾಗಕ್ಕೆ ಹೆಸರಿಲ್ಲ. ಅದು ಊರಲ್ಲ, ದ್ವೀಪವೂ ಅಲ್ಲ. ೧೯೪೨ರ ಫೆಬ್ರವರಿಯಲ್ಲಿ ರಂಗೂನಿನಿಂದ ಕಲಕತ್ತೆಗೆ ಹಾರಿದ ಒಂದು ವಿಮಾನದೊಳಗೆ, ಕೆಳಗೆ ನೀರು ಮಾತ್ರ ಕಾಣುತ್ತಿದ್ದ ಹೊತ್ತಿನಲ್ಲಿ ಆ ಮಗು ಹುಟ್ಟಿತು. ಆಗ ನನಗೆ ಹದಿನಾಲ್ಕು ವರ್ಷ. ಕುಂದಾಪುರದಲ್ಲಿ ಹೊಳೆಯ ಬದಿಗಿದ್ದ ನಮ್ಮ ಮನೆಯಿಂದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ವಿಮಾನವನ್ನು ಅದುವರೆಗೆ ಎರಡೇ ಸಲ ಕಂಡಿದ್ದೆ. ಎರಡು ಸಲವೂ ಅದು ಹದ್ದಿನಷ್ಟೇ ಸಣ್ಣದಾಗಿತ್ತು. ಅದರೊಳಗೆ ಒಂದು ಹೆರಿಗೆಯಾಗಬಹುದು ಎಂದು ನೆನೆಸಿದರೆ ನಗು ಬರುತ್ತಿತ್ತು, ಸ್ವಲ್ಪ ಭಯವೂ ಆಗುತ್ತಿತ್ತು.

ವನಮಾಲತ್ತೆ ಬ್ರಹ್ಮಾವರದ ಮನೆಯ ಮಗಳು, ಬೈಂದೂರಿನ ಸೊಸೆ. ಅವಳ ಗಂಡ ಬಾಲಚಂದ್ರ ಮಾವ ರಂಗೂನಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ. ಅವನ ತಾಯಿ ಗೋದಾವರಿಯಮ್ಮ ನಮ್ಮ ಅಜ್ಜಯ್ಯನ ತಂಗಿ. ನಾವು ಮಕ್ಕಳು ಅವರನ್ನು ಬೈಂದೂರಜ್ಜಿ ಎನ್ನುತ್ತಿದ್ದೆವು. ಅಜ್ಜಯ್ಯ ಜಾತಕ ಬರೆಯುವವರು. ಗಣಪಯ್ಯ ಜೋಯಿಸರು ಹೇಳಿದ ಹೊತ್ತು ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ ಎಂದು ಶಂಕರನಾರಾಯಣದ ಕಡೆಯಿಂದಲೂ ಜನ ನಡೆದು ಬರುತ್ತಿದ್ದರು.

ರಂಗೂನಿನ ಮೇಲೆ ಬಾಂಬು ಬಿದ್ದ ನಂತರ ಅಲ್ಲಿದ್ದ ನಮ್ಮ ಕಡೆಯ ಜನ ಹಡಗಿಗೆ ಕಾದು ಬಂದರಿನಲ್ಲಿ ದಿನಗಟ್ಟಲೆ ಕುಳಿತಿದ್ದರಂತೆ. ತುಂಬಿದ ಬಸುರಿಯನ್ನು ಆ ನೂಕಿನಲ್ಲಿ ನಿಲ್ಲಿಸಲು ಮನಸ್ಸಾಗದೆ ಮಾವ ವಿಮಾನದ ಕಚೇರಿಗೆ ಹೋದರೆ ಅಲ್ಲಿ ಸೀಟೆಲ್ಲ ಮುಗಿದಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ತಮಿಳು ಮುದುಕ ವನಮಾಲತ್ತೆಯನ್ನು ಒಮ್ಮೆ ನೋಡಿದನಂತೆ. ತನ್ನ ಕಾಲು ಇನ್ನೂ ಗಟ್ಟಿಯಿದೆ, ನಡೆದೇ ಬರುತ್ತೇನೆ ಎಂದು ತನ್ನ ಟಿಕೆಟನ್ನು ಮಾವನ ಕೈಗೆ ಕೊಟ್ಟು ಹೊರಟೇಹೋದನಂತೆ. ಸಿಕ್ಕಿದ್ದು ಒಂದೇ ಸೀಟು, ಮಾವ ರಂಗೂನಿನಲ್ಲೇ ಉಳಿದ. ಅವನ ಹೆಸರು ಕೇಳಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಆ ಹೊತ್ತಿಗೆ ತೋಚಲಿಲ್ಲ.

ವಿಮಾನ ಏರಿ ಸ್ವಲ್ಪ ಹೊತ್ತಿಗೆಲ್ಲ ನೋವು ಶುರುವಾಯಿತು. ಹಿಂದುಗಡೆ ಸಾಮಾನಿನ ಗಂಟುಗಳನ್ನು ಸರಿಸಿ ಜಾಗ ಮಾಡಿದರು. ಒಬ್ಬಳು ತನ್ನ ಸೀರೆಯನ್ನು ಪರದೆಯಾಗಿ ಹಿಡಿದು ಮುಗಿಯುವವರೆಗೂ ಕೈ ಇಳಿಸದೆ ನಿಂತಳು. ಪ್ರಯಾಣಿಕರಲ್ಲಿ ದಾದಿಯೊಬ್ಬಳಿದ್ದದ್ದು ಪುಣ್ಯ. ಆ ಗಡಿಬಿಡಿಯಲ್ಲಿ ಗಡಿಯಾರ ನೋಡಿದವರು ಯಾರೂ ಇಲ್ಲ. ಮಗು ಅತ್ತ ಕೂಡಲೇ ದಾದಿ ವಿಮಾನ ನಡೆಸುವವರಲ್ಲಿ ಒಬ್ಬನನ್ನು ಕರೆದು, ಮಗು ಹುಟ್ಟಿದ ಸ್ಥಳ ಯಾವುದೆಂದು ಬರೆದುಕೊಡಲು ಹೇಳಿದಳು. ಮುಂದೆ ಕಾಗದಪತ್ರಕ್ಕೆ ಬೇಕಾಗುತ್ತದೆ ಎಂಬುದು ಅವಳ ಯೋಚನೆ. ಅವನು ಮುಂದೆ ಹೋಗಿ ನೋಡಿ ಬಂದು ಒಂದು ಚೀಟಿ ಬರೆದ. ಇಳಿದ ಮೇಲೆ ಅದಕ್ಕೆ ಇನ್ನೊಂದು ಸಾಲು ಸೇರಿಸಿ, ವನಮಾಲತ್ತೆಯನ್ನು ಏಣಿಯಿಂದ ಇಳಿಸುವಾಗ ಮಗುವಿನ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಸಿದ.

ಆ ಚೀಟಿಯನ್ನು ನಾನು ಮೊದಲು ಓದಿದ್ದು ಯುಗಾದಿ ಕಳೆದ ವಾರ, ನಮ್ಮ ಮನೆಯ ಜಗಲಿಯಲ್ಲಿ. ಇಂಗ್ಲಿಷು ಬರುವವಳು ಮನೆಯಲ್ಲಿ ನಾನೊಬ್ಬಳೇ ಎಂದು ಅಜ್ಜಯ್ಯ ನನ್ನನ್ನು ಕರೆದಿದ್ದರು. ಮೂರೇ ಸಾಲು. ರಂಗೂನು ಬಿಟ್ಟದ್ದು ಎಂಟು ಗಂಟೆಗೆ. ಹೆಣ್ಣು ಮಗು, ಹುಟ್ಟಿದ ಸ್ಥಳ: ರಂಗೂನಿನಿಂದ ನಾನೂರು ಮೈಲಿ. ಕಲಕತ್ತೆಯಲ್ಲಿ ಇಳಿದದ್ದು ಹನ್ನೆರಡು ಗಂಟೆಗೆ.

ಅಜ್ಜಯ್ಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊತ್ತು ಕೇಳಿದರೆ ಮೈಲಿ ಬರೆದಿದ್ದಾನಲ್ಲ ಎಂದರು. ಅವನನ್ನು ಕೇಳಿದ್ದು ಸ್ಥಳವನ್ನು ಎಂದು ವನಮಾಲತ್ತೆ ಮೆಲ್ಲಗೆ ಹೇಳಿದಳು.

ಕಲಕತ್ತೆಯಿಂದ ರೈಲಿನಲ್ಲಿ ಬಂದು ಬಾಣಂತನಕ್ಕೆ ತವರಿನಲ್ಲಿದ್ದ ಅವಳು ಆ ದಿನ ಬೆಳಿಗ್ಗೆಯಷ್ಟೇ ಬ್ರಹ್ಮಾವರದಿಂದ ಟ್ರಂಕು ಹಿಡಿದುಕೊಂಡು ಮಗುವಿನೊಂದಿಗೆ ಬಂದಿದ್ದಳು. ಅವಳನ್ನು ಮುಂದೆ ಕರೆದುಕೊಂಡು ಹೋಗಲು ಬೈಂದೂರಜ್ಜಿ ಗಂಗೊಳ್ಳಿಯವರೆಗೆ ಬಸ್ಸಿನಲ್ಲಿ ಬಂದು ಹೊಳೆ ದಾಟಿದ್ದರು. ನಡುವೆ ನಮ್ಮ ಮನೆಯಲ್ಲಿ ಜಾತಕ ಬರೆಸಿಕೊಂಡು, ಹೆಸರಿಡುವ ದಿನ ನೋಡಿಸಿಕೊಂಡು ಬೈಂದೂರಿಗೆ ಹೋಗುವುದೆಂದು ಮಾತಾಗಿತ್ತು. ಆದರೆ ಅಜ್ಜಿ ಬಂದಾಗಿನಿಂದ ಮಗುವಿನ ಕಡೆ ನೋಡಿರಲಿಲ್ಲ. ಹುಟ್ಟಿದ ದಿನ ಮೂಲಾ ನಕ್ಷತ್ರವಿತ್ತೆಂದು ಅವರು ಪಂಚಾಂಗ ನೋಡಿಸಿಕೊಂಡೇ ಬಂದಿದ್ದರು. ಮೂಲಾದಲ್ಲಿ ಹುಟ್ಟಿದ ಮಗು ತಂದೆಗೆ ಕಂಟಕ ಎಂದು ನಮ್ಮಲ್ಲಿ ಹೆಂಗಸರು ಹೆದರುತ್ತಿದ್ದರು. ಮಗುವಿನ ತಂದೆಯೋ ಬರ್ಮಾದ ಗುಡ್ಡಗಳಲ್ಲಿ ಎಲ್ಲೋ ನಡೆಯುತ್ತಿದ್ದ. ಪ್ರೋಮ್ ಎಂಬ ಊರಿನಿಂದ ಒಂದು ಗುಂಪಿನೊಡನೆ ಹೊರಡುತ್ತಿದ್ದೇನೆ ಎಂದು ಅವನ ಕಾಗದ ಬಂದದ್ದೇ ಕೊನೆ. ಆಮೇಲೆ ಸುದ್ದಿಯಿಲ್ಲ.

ಹೆರಿಗೆಯ ದಿನ ಬೆಳಿಗ್ಗೆ ಮೂಲಾ ಮುಗಿದು, ಹೆದರಬೇಕಿಲ್ಲದ ಪೂರ್ವಾಷಾಢ ಹಿಡಿದಿತ್ತು. ಮಗು ಹುಟ್ಟಿದ್ದು ಅದಕ್ಕೆ ಮೊದಲೋ ಆಮೇಲೋ ಎಂಬುದೇ ಪ್ರಶ್ನೆ. ಅಜ್ಜಯ್ಯ ಕೇಳಿದ್ದು ಒಂದೇ: ರಂಗೂನಿನಿಂದ ಕಲಕತ್ತೆಗೆ ಒಟ್ಟು ಎಷ್ಟು ಮೈಲಿ? ಅದು ಗೊತ್ತಾದರೆ ನಾನೂರು ಮೈಲಿ ಅದರಲ್ಲಿ ಎಷ್ಟು ಪಾಲು ಎಂದು ತಿಳಿಯುತ್ತದೆ, ಪಾಲು ತಿಳಿದರೆ ಹೊತ್ತು ತಿಳಿಯುತ್ತದೆ.

ರಂಗೂನಿನ ಮೈಲಿ ಗೊತ್ತಿದ್ದವನು ನಮ್ಮಲ್ಲಿ ಒಬ್ಬನೇ. ಗಂಗೊಳ್ಳಿ ಕಡವಿನಲ್ಲಿ ದೋಣಿ ದಾಟಿಸುವ ಬಚ್ಚ. ಪ್ರಾಯದಲ್ಲಿ ಹತ್ತು ವರ್ಷ ಕಲಕತ್ತೆಗೂ ರಂಗೂನಿಗೂ ಓಡುವ ಆಗ್‌ಬೋಟಿನಲ್ಲಿ ಅಂದರೆ ಉಗಿಹಡಗಿನಲ್ಲಿ ಖಲಾಸಿಯಾಗಿದ್ದವನು. ಅವನನ್ನು ಕರೆಸಿ ಕೇಳಿದರು. ಅಂಗಳದಲ್ಲಿ ನಿಂತು ಬೆರಳು ಮಡಿಚಿ, ಒಂಬೈನೂರು ಮೈಲಿ ಎಂದ. ಆಗ್‌ಬೋಟಿನ ಸಾರಂಗನೇ, ಖಲಾಸಿಗಳ ಮೇಲಿನವನೇ, ಹೇಳುತ್ತಿದ್ದದ್ದು, ತಪ್ಪುವುದಿಲ್ಲ ಎಂದ. ವಿಮಾನ ಸಮುದ್ರದ ಮೇಲೆ ಬಂತೋ ನೆಲದ ಮೇಲೆ ಬಂತೋ ಎಂದು ಅಜ್ಜಯ್ಯ ವನಮಾಲತ್ತೆಯನ್ನು ಕೇಳಿದರು. ಮಗು ಹುಟ್ಟುವಾಗ ಕಿಟಕಿಯಲ್ಲಿ ನೀರೇ ಕಾಣುತ್ತಿತ್ತಂತೆ ಎಂದು ಅವಳೆಂದಳು. ಹಾಗಾದರೆ ಸಮುದ್ರದ ಮೈಲಿಯೇ ಸರಿ ಎಂದು ಅಜ್ಜಯ್ಯ ಒಳಗೆ ಹೋಗಿ ಕುಳಿತರು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ದೂರದ ಊರು ಎಂದರೆ ನಮ್ಮ ಕಡೆಯವರಿಗೆ ಬೊಂಬಾಯಿಯೋ ರಂಗೂನೋ ಕೊಲಂಬೋ, ಅಲ್ಲಿಗೆ ಹೋಗುವ ದಾರಿ ನೀರಿನದ್ದು, ಮೈಲಿ ಎಂದರೆ ಹಡಗಿನವರು ಹೇಳುವ ಮೈಲಿ.

ಆ ಹೊತ್ತು ನಾನು ಅಡುಗೆಮನೆಯಲ್ಲಿ ಅಮ್ಮನಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದೆ. ಅಜ್ಜಯ್ಯ ಹೊರಗೆ ಬಂದು, ಮಗು ಹುಟ್ಟುವಾಗ ವಿಮಾನ ಇನ್ನೂ ಅರ್ಧ ದಾರಿಯೂ ಬಂದಿರಲಿಲ್ಲ ಎಂದು ಹೇಳಿದ್ದು ಮಾತ್ರ ಕೇಳಿಸಿತು. ನಂತರ ಅವರ ಧ್ವನಿ ತಗ್ಗಿತು. ತುರಿಯುವುದನ್ನು ಬಿಟ್ಟು ನಾನು ಜಗಲಿಯ ಬಾಗಿಲಿಗೆ ಬಂದೆ.

"ಗೋದಾವರಿ, ಲೆಕ್ಕದಲ್ಲಿ ಬಂದದ್ದ್ ಮೂಲಾವೇ."

ನಾಲ್ಕನೆಯ ಪಾದ, ಅಷ್ಟೇನೂ ಕೆಟ್ಟದ್ದಲ್ಲ, ಒಂದು ಶಾಂತಿ ಮಾಡಿಸಿದರೆ ಸಾಕು ಎಂದು ಅವರು ಸೇರಿಸಿದರು. ಆದರೆ ಆ ಹೆಸರು ಕಿವಿಗೆ ಬಿದ್ದ ಮೇಲೆ ಪಾದ ಎಷ್ಟನೆಯದೆಂದು ಕೇಳುವ ತಾಳ್ಮೆ ಅಜ್ಜಿಗಿರಲಿಲ್ಲ. ತಾಯಿಯೂ ಮಗುವೂ ಬ್ರಹ್ಮಾವರಕ್ಕೆ ಹಿಂದಿರುಗಿ ಹೋಗಲಿ ಎಂದರು. ನಾಳೆ ಮಂಗಳವಾರ, ಬೇಡ. ನಾಡಿದ್ದು ಬೆಳಿಗ್ಗೆ ಬಸ್ಸು ಹತ್ತಿಸಿದರಾಯಿತು.

ವನಮಾಲತ್ತೆ ಯಾವತ್ತೂ ಎದುರು ಮಾತಾಡಿದವಳಲ್ಲ. ಆಗ ಮಾತ್ರ ಬಾಗಿಲ ಮರೆಯಿಂದ ಈಚೆ ಬಂದು ನಿಂತಳು.

"ಅತ್ತೆ, ಅವ್ರ್ ಕಾಗ್ದ ಬಪ್ಪುದ್ ಬೈಂದೂರಿಗೆ. ನಂಗ್ ಅಲ್ಲೇ ಇರ್ಕ್. ಕೊಟ್ಟಿಗಿ ಬದಿ ಕೋಣಿ ಆದ್ರೂ ಸಾಕ್."

"ಬಾಲಚಂದ್ರ ಬಂದ್ ಮೆಟ್ಲ್ ಹತ್ಲಿ," ಎಂದರು ಅಜ್ಜಿ. "ಮತ್ತೆ ನಾನೇ ಬಂದ್ ಕರ್ಕಂಡ್ ಹೋತೆ. ಅಲ್ಲಿವರಿಗೆ ಆ ಮಗು ನನ್ನ ಹೊಸ್ತಿಲ್ ದಾಟೂದ್ ಬೇಡ."

ಕಠಿಣವಾದ ಮಾತು. ಆದರೆ ಆ ದಿನ ಅವರು ಊಟ ಮಾಡಲಿಲ್ಲ. ವನಮಾಲತ್ತೆಯೂ ಮಾಡಲಿಲ್ಲ. ಅಮ್ಮ ಎರಡು ಲೋಟ ಗಂಜಿ ತಿಳಿಗೆ ಉಪ್ಪು ಹಾಕಿ, ಇಬ್ಬರು ಕುಳಿತ ಕಡೆಗಳಲ್ಲಿ ಸದ್ದಿಲ್ಲದೆ ಇಟ್ಟು ಬಂದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎರಡೂ ಖಾಲಿಯಾಗಿದ್ದವು.

ನನ್ನ ತಲೆಯಲ್ಲಿದ್ದದ್ದು ಬೇರೆ. ನನಗೆ ಆ ಜಾಗವನ್ನು ನೋಡಬೇಕಿತ್ತು. ಎಲ್ಲರೂ ಹುಟ್ಟಿದ ಜಾಗ ನಕ್ಷೆಯಲ್ಲಿ ಎಲ್ಲಾದರೂ ಇರುತ್ತದೆ. ನಾನು ಹುಟ್ಟಿದ ಕುಂದಾಪುರಕ್ಕೂ ಶಾಲೆಯ ಅಟ್ಲಾಸಿನಲ್ಲಿ ಒಂದು ಚುಕ್ಕೆಯಿತ್ತು. ಆ ಮಗುವಿಗೆ ಯಾರೂ ಚುಕ್ಕೆ ಇಟ್ಟಿರಲಿಲ್ಲ. ಇಡೀ ಲೋಕದಲ್ಲಿ ಅಲ್ಲಿ ಹುಟ್ಟಿದವರು ಇನ್ನೊಬ್ಬರು ಇರಲಾರರು ಎಂದು ಯೋಚಿಸಿ ನನಗೆ ಒಂದು ಥರ ಹೊಟ್ಟೆಕಿಚ್ಚೇ ಆಯಿತು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಭೂಗೋಳದ ಶಾಮರಾಯ ಮೇಷ್ಟ್ರ ಹತ್ತಿರ ಹೋಗಿ ದೊಡ್ಡ ಅಟ್ಲಾಸು ಕೇಳಿದೆ. ಅದನ್ನು ಅವರು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಯಾಕೆಂದು ಕೇಳಿದರು. ವಿಮಾನದಲ್ಲಿ ಹುಟ್ಟಿದ ಒಂದು ಮಗುವಿನ ಜಾಗ ಹುಡುಕಬೇಕು ಎಂದೆ. ಬೇರೆ ಮೇಷ್ಟ್ರಾಗಿದ್ದರೆ ನಗುತ್ತಿದ್ದರು. ಇವರು ಕೈಯಲ್ಲಿದ್ದ ಬುತ್ತಿಯನ್ನು ಮುಚ್ಚಿಟ್ಟು, ಕೈ ತೊಳೆದು ಬಂದು ಬೀರು ತೆಗೆದರು.

ಹಿಂದೂಸ್ಥಾನ ಮತ್ತು ಬರ್ಮಾದ ಹಾಳೆ. ಒಂದು ಅಂಗುಲಕ್ಕೆ ಇನ್ನೂರು ಮೈಲಿ ಎಂದು ಕೆಳಗೆ ಬರೆದಿತ್ತು. ರಂಗೂನಿನ ಚುಕ್ಕೆಯಿಂದ ಕಲಕತ್ತೆಯ ಚುಕ್ಕೆಗೆ ಒಂದು ನೂಲು ಬಿಗಿಯಾಗಿ ಹಿಡಿಯಲು ಮೇಷ್ಟ್ರು ಹೇಳಿದರು. ವಿಮಾನ ಹೋಗುವುದು ಹಾಗೆಯೇ, ಅದಕ್ಕೆ ತಿರುವುಗಳಿಲ್ಲ ಎಂದರು. ನಾನು ನೂಲಿನ ಮೇಲೆ ಅಡಿಪಟ್ಟಿ ಇಟ್ಟು, ರಂಗೂನಿನಿಂದ ನಾನೂರು ಮೈಲಿಗೆ ಸರಿಯಾಗಿ ಎರಡು ಅಂಗುಲ ಅಳೆದು ಪೆನ್ಸಿಲಿನ ಮೊನೆ ಇಟ್ಟೆ. ಆ ಜಾಗ ಬಂಗಾಳ ಕೊಲ್ಲಿಯ ನೀಲಿಯಲ್ಲಿ ಬಿತ್ತು. ಸುತ್ತ ಹೆಸರಿಲ್ಲ, ಗೆರೆಯಿಲ್ಲ. ಅದನ್ನು ಕಂಡುಹಿಡಿದ ಸಂತೋಷದಲ್ಲಿ ನಾನು ಮೊದಲು ಬೇರೇನನ್ನೂ ಗಮನಿಸಲಿಲ್ಲ.

ಆಮೇಲೆ ಗಮನಿಸಿದೆ. ಪೆನ್ಸಿಲಿನಿಂದ ಕಲಕತ್ತೆಗೆ ಉಳಿದದ್ದು ಒಂದು ಅಂಗುಲ ಮತ್ತು ಸ್ವಲ್ಪ. ಹಿಂದೆ ಬಿಟ್ಟದ್ದು ಎರಡು ಅಂಗುಲ. ಅಂದರೆ ಅರ್ಧ ದಾರಿ ದಾಟಿ ಎಷ್ಟೋ ಆಗಿತ್ತು. ಅರ್ಧವೂ ಆಗಿರಲಿಲ್ಲ ಎಂದು ಅಜ್ಜಯ್ಯ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ನನ್ನದೇ ತಪ್ಪಿರಬೇಕು ಎಂದು ಮತ್ತೆ ಅಳೆದೆ. ಮತ್ತೂ ಅಷ್ಟೇ.

ಮೇಷ್ಟ್ರಿಗೆ ಹೇಳಿದೆ. ಅವರು ನಕ್ಷೆಯನ್ನು ನಂಬದೆ, ಮೇಜಿನ ಮೇಲಿದ್ದ ಭೂಗೋಳದ ಉಂಡೆಯನ್ನು ತಂದು ಅದರ ಮೇಲೂ ನೂಲು ಹಿಡಿದರು. ಉಂಡೆ ಸಣ್ಣದು, ನೂಲೇ ಅದಕ್ಕೆ ದಪ್ಪವಾಯಿತು. ಆದರೂ ಲೆಕ್ಕ ಹೆಚ್ಚು ಕಡಿಮೆ ಅದೇ ಬಂತು. ಒಟ್ಟು ಆರುನೂರ ನಲವತ್ತು ಮೈಲಿ. ನಾಲ್ಕು ಗಂಟೆಯ ಹಾರಾಟವಾದರೆ ಗಂಟೆಗೆ ನೂರ ಅರವತ್ತು, ಅಂಥ ವಿಮಾನಗಳ ವೇಗ ಅಷ್ಟೇ ಎಂದು ಪತ್ರಿಕೆಯಲ್ಲಿ ಓದಿದ್ದೇನೆ ಎಂದರು. ಒಂಬೈನೂರು ಮೈಲಿ ಎಂದು ಹೇಳುವವರೂ ಇದ್ದಾರೆ ಎಂದೆ. ಹಾಗೆ ಹೇಳಿದವರು ಯಾವ ದಾರಿಯಲ್ಲಿ ಹೋದವರು ಎಂದು ಕೇಳಿ ನೋಡು ಎಂದರು. ಗಂಟೆ ಹೊಡೆಯಿತು. ಅವರ ಬುತ್ತಿ ಹಾಗೆಯೇ ಉಳಿದಿತ್ತು. ಅಟ್ಲಾಸನ್ನು ತಮ್ಮ ಶಲ್ಯದಲ್ಲಿ ಸುತ್ತಿ, ನಾಳೆ ತಂದುಕೊಡು, ಹೊಳೆಯ ಹತ್ತಿರ ತೆಗೆಯಬೇಡ ಎಂದು ನನ್ನ ಕೈಗೇ ಕೊಟ್ಟುಬಿಟ್ಟರು. ಬೀರುವಿನಿಂದ ಅದು ಹೊರಗೆ ಹೋದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ದಾರಿಯುದ್ದಕ್ಕೂ ನನಗೆ ಯೋಚನೆ. ಅಜ್ಜಯ್ಯನ ಲೆಕ್ಕದಲ್ಲಿ ತಪ್ಪಿದೆ ಎಂದು ಹೇಳುವುದು ಹೇಗೆ? ಅವರು ಸಿಟ್ಟಿನವರಲ್ಲ. ಆದರೆ ಆ ಮನೆಯಲ್ಲಿ ಅವರ ಲೆಕ್ಕವನ್ನು ಮುಟ್ಟಿದವರು ಯಾರೂ ಇಲ್ಲ. ಮನೆಗೆ ಬಂದಾಗ ಅವರೊಬ್ಬರೇ ಜಗಲಿಯಲ್ಲಿ ಕುಳಿತು ಅಡಿಕೆ ಕೆರೆಯುತ್ತಿದ್ದರು. ನಾನು ಏನೂ ಹೇಳದೆ ಶಲ್ಯ ಬಿಚ್ಚಿ ಅಟ್ಲಾಸು ತೆರೆದು, ಮಗು ಹುಟ್ಟಿದ ಜಾಗ ಇದು ಎಂದು ತೋರಿಸಿದೆ.

ಅಜ್ಜಯ್ಯ ಕನ್ನಡಕ ಹಾಕಿಕೊಂಡು ಬಾಗಿದರು. ಮೊದಲು ಅವರಿಗೂ ನನ್ನ ಹಾಗೆ ಸಂತೋಷವೇ ಆಯಿತು. ಬೆರಳಿನಿಂದ ಆ ನೀಲಿಯನ್ನು ಮುಟ್ಟಿ, ಇಲ್ಲಿಯಾ ಎಂದರು. ಆಮೇಲೆ ಬೆರಳು ಕಲಕತ್ತೆಗೆ ಹೋಯಿತು, ರಂಗೂನಿಗೆ ಬಂತು, ಮತ್ತೆ ಪೆನ್ಸಿಲಿನ ಗುರುತಿಗೆ ಬಂತು. ಕೊನೆಗೆ ನೂಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಿಡಿದು ನೋಡಿದರು.

"ಬಚ್ಚನ್ನ ಕರಿ," ಎಂದರು.

ಬಚ್ಚ ಬಂದ. ಆಗ್‌ಬೋಟು ರಂಗೂನಿನಿಂದ ಹೊರಟರೆ ಮೊದಲು ಎತ್ತ ಹೋಗುತ್ತದೆ ಎಂದು ಅಜ್ಜಯ್ಯ ಕೇಳಿದರು.

"ಹೊಳಿ ಇಳ್ದ್ ತೆಂಕಕ್ ಹೋಯ್ಕಲೆ," ಎಂದ ಬಚ್ಚ. "ಮತ್ತೆ ಪಡುವಕ್ಕೆ. ನೆಲದ ಮೂಲಿ ತಿರ್ಗಿ ಆಮೇಲಷ್ಟೇ ಬಡಗಕ್ಕೆ. ಒಂದ್ ದಿನ ಬರೀ ಸುತ್ತೂದೇ ಆತ್ತ್."

"ನೀನ್ ಇದನ್ನ ನಿನ್ನೆ ಹೇಳ್ಲಿಲ್ಲೆ."

"ಜೋಯಿಸ್ರೆ, ನೀವ್ ಮೈಲಿ ಕೇಂಡ್ರಿ, ಮೈಲಿ ಹೇಳ್ದೆ. ದಾರಿ ಹ್ಯಾಂಗ್ ಅಂದ್ ಕೇಣ್ಲಿಲ್ಲ್ಯಲೆ. ಆಗ್‌ಬೋಟಿಗೆ ರೆಕ್ಕಿ ಇತ್ತಾ?"

ಅಜ್ಜಯ್ಯ ನಕ್ಕರು. ಎರಡು ದಿನಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಬಚ್ಚನಿಗೆ ಎಲೆ ಅಡಿಕೆ ಕೊಟ್ಟು ಕುಳ್ಳಿರಿಸಿ, ಒಳಗೆ ಹೋಗಿ ಪಂಚಾಂಗದ ಮುಂದೆ ಕುಳಿತರು.

ಲೆಕ್ಕದ ಅಂಕಿಗಳು ನನಗೆ ತಿಳಿದದ್ದು ಆಗ. ಕಲಕತ್ತೆಯ ಗಡಿಯಾರವೂ ರಂಗೂನಿನ ಗಡಿಯಾರವೂ ಯುದ್ಧದ ಆ ವರ್ಷ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಇದ್ದವು. ಅದನ್ನು ಅಜ್ಜಯ್ಯ ಮೊದಲೇ ಕಳೆದಿದ್ದರು. ನಮ್ಮ ಗಡಿಯಾರದಲ್ಲಿ ವಿಮಾನ ಹೊರಟದ್ದು ಏಳಕ್ಕೆ, ಇಳಿದದ್ದು ಹನ್ನೊಂದಕ್ಕೆ. ಮೂಲಾ ಮುಗಿದದ್ದು ಒಂಬತ್ತು ಗಂಟೆ ಐದು ನಿಮಿಷಕ್ಕೆ. ಒಂಬೈನೂರು ಮೈಲಿಯ ಲೆಕ್ಕದಲ್ಲಿ ಮಗು ಹುಟ್ಟಿದ್ದು ಒಂಬತ್ತು ಗಂಟೆಗೆ ಮೊದಲು. ಆರುನೂರ ನಲವತ್ತರ ಲೆಕ್ಕದಲ್ಲಿ ಒಂಬತ್ತೂವರೆಗೆ. ಗಾಳಿ ಎದುರಾಯಿತು, ಏರುವಾಗ ವೇಗ ಕಡಿಮೆ ಎಂದು ಹತ್ತು ನಿಮಿಷ ಆಚೀಚೆ ಬಿಟ್ಟು ನೋಡಿದರು. ಆದರೂ ಪೂರ್ವಾಷಾಢವೇ ಬಂತು. ಮೂರು ಸಲ ಮಾಡಿದರು. ಹಳೆಯ ಹಾಳೆಯನ್ನು ಹರಿಯಲಿಲ್ಲ. ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ತಪ್ಪು' ಎಂದು ಬರೆದು ತಮ್ಮ ಹೆಸರು ಹಾಕಿದರು.

ಅಜ್ಜಿ ಹಿತ್ತಲಿನ ಬಾಗಿಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು. ವನಮಾಲತ್ತೆ ಒಳಗೆ ಟ್ರಂಕಿನಲ್ಲಿ ಬಟ್ಟೆ ಜೋಡಿಸುತ್ತಿದ್ದಳು. ಅಜ್ಜಯ್ಯ ತಂಗಿಯ ಎದುರು ನೆಲದ ಮೇಲೆ ಕುಳಿತರು. ನಿನ್ನೆಯ ಲೆಕ್ಕ ತಪ್ಪು, ತಪ್ಪು ನನ್ನದು, ಮಗು ಹುಟ್ಟಿದ್ದು ಪೂರ್ವಾಷಾಢದಲ್ಲಿ ಎಂದು ನೇರವಾಗಿ ಹೇಳಿದರು. ಒಳಗೆ ಟ್ರಂಕಿನ ಸದ್ದು ನಿಂತಿತು.

ಅಜ್ಜಿ ಬತ್ತಿಯಿಂದ ಕಣ್ಣೆತ್ತಲಿಲ್ಲ.

"ಅಣ್ಣಯ್ಯ, ನಮ್ಮ ಮೋರೆ ಕಂಡ್ ಹೀಂಗ್ ಹೇಳುದಾ?"

ಆ ಮಾತು ಅಜ್ಜಯ್ಯನಿಗೆ ತಾಗಿತು ಎಂದು ಕಾಣುತ್ತದೆ. ಅವರು ಕರುಣೆಗಾಗಿ ನಕ್ಷತ್ರ ಬದಲಿಸುವವರಲ್ಲ, ಅದು ತಂಗಿಗೂ ಗೊತ್ತು. ಆದರೆ ಮಗನ ಜೀವದ ಮಾತು ಬಂದಾಗ ಅಣ್ಣನ ಮಾತೂ ಸಾಲದಾಯಿತು. ಅಟ್ಲಾಸು ತೋರಿಸಿದರೆ ಅಜ್ಜಿಗೆ ಅದು ಬಣ್ಣದ ಕಾಗದ. ಅಜ್ಜಯ್ಯ ಸ್ವಲ್ಪ ಹೊತ್ತು ಯೋಚಿಸಿ, ಹಿತ್ತಲಿನಾಚೆ ಹೊಳೆಯ ಕಡೆ ಕೈ ಮಾಡಿದರು. ಆಚೆ ದಡದಲ್ಲಿ ಗಂಗೊಳ್ಳಿಯ ತೆಂಗಿನ ಮರಗಳು ಕಾಣುತ್ತಿದ್ದವು. ಅಲ್ಲಿ ನಾಯಿ ಬೊಗಳಿದರೆ ನಮಗೆ ಕೇಳಿಸುತ್ತಿತ್ತು.

ನಿನ್ನೆ ನೀನು ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಹೊತ್ತಾಯಿತು ಎಂದು ಕೇಳಿದರು. ದೋಣಿ ಹತ್ತಿ ಇಳಿಯುವಷ್ಟು ಎಂದರು ಅಜ್ಜಿ. ದೋಣಿ ಇಲ್ಲದೆ, ಹೆಮ್ಮಾಡಿಯ ಮೇಲೆ ಸುತ್ತಿಕೊಂಡು ಬಂದಿದ್ದರೆ? ಅರ್ಧ ದಿನ ಎಂದು ಅಜ್ಜಿ ಹೇಳಿದರು. ಮದುವೆಯಾದ ವರ್ಷ ಹಾಗೊಮ್ಮೆ ಬಂದು ಕಾಲು ಬಾತದ್ದು ಅವರಿಗೆ ನೆನಪಿತ್ತು. ಗಂಗೊಳ್ಳಿ ಇರುವುದು ಅಲ್ಲೇ, ಕುಂದಾಪುರ ಇಲ್ಲೇ, ಆದರೂ ಸುತ್ತುವವರ ಮೈಲಿ ಬೇರೆ, ನೇರ ಹೋಗುವವರ ಮೈಲಿ ಬೇರೆ ಎಂದರು ಅಜ್ಜಯ್ಯ. ಬಚ್ಚ ಹೇಳಿದ್ದು ಸುತ್ತುವವರದ್ದು. ವಿಮಾನ ಸುತ್ತಲಿಲ್ಲ.

ಅಜ್ಜಿಯ ಕೈಯಲ್ಲಿ ಬತ್ತಿ ಅರ್ಧದಲ್ಲೇ ನಿಂತಿತ್ತು. ಅವರು ಅಜ್ಜಯ್ಯನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಕಮಲ, ಇಲ್ಲ್ ಬಾ. ಅಜ್ಜಯ್ಯ ಹೇಳಿಕೊಟ್ಟ್ ನೀನ್ ಅಳ್ದದ್ದಾ?"

"ಇಲ್ಲೆ ಅಜ್ಜಿ. ಮೂಲಾ ಎಷ್ಟೊತ್ತಿಗ್ ಮುಗಿತ್ತ್ ಅಂದೇ ನಂಗ್ ಗೊತ್ತಿರ್ಲಿಲ್ಲ."

"ಮತ್ತೆಂತಕ್ ಅಳ್ದೆ?"

"ಮಗು ಹುಟ್ಟಿದ್ ಎಲ್ಲಿ ಅಂದ್ ಕಾಂಬುಕೆ."

"ಕಂಡ್ ಎಂತ ಮಾಡೂಕ್ ಇತ್ತ್?"

ಸುಮ್ಮನೆ, ಎಂದೆ. ಶಾಲೆಯಲ್ಲಿ ಮೇಷ್ಟ್ರು ಕೇಳಿದ್ದರೆ ಇಂಥ ಉತ್ತರಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಹುಡುಗಿ ಯಾರ ಪರವಾಗಿಯೂ ಅಳೆದದ್ದಲ್ಲ ಎಂಬುದು ಅವರಿಗೆ ಆಗ ಖಾತ್ರಿಯಾಯಿತು ಎಂದು, ಎಷ್ಟೋ ವರ್ಷದ ಮೇಲೆ ಅವರೇ ನನಗೆ ಹೇಳಿದರು. ಅಣ್ಣಯ್ಯ ಒಳ್ಳೆಯ ಮನಸ್ಸಿನಿಂದ ಸುಳ್ಳು ಹೇಳಿಯಾನು ಎಂಬ ಸಂಶಯ ಅವರಿಗೆ ಒಂದು ಕೂದಲೆಳೆಯಷ್ಟು ಇತ್ತಂತೆ. ಸುಮ್ಮನೆ ಎಂದವಳ ಮೇಲೆ ಸಂಶಯ ಪಡುವುದು ಹೇಗೆ?

ಅವರು ಹೊಸೆದ ಬತ್ತಿಗಳನ್ನೆಲ್ಲ ತಟ್ಟೆಗೆ ಹಾಕಿ, ಕೈಗಂಟಿದ ಹತ್ತಿಯನ್ನು ಒರೆಸಿಕೊಂಡರು. ಎದ್ದು ಒಳಗೆ ಹೋದರು. ವನಮಾಲತ್ತೆ ಟ್ರಂಕಿನ ಮುಂದೆ ಮಡಿಸಿದ ಸೀರೆ ಹಿಡಿದುಕೊಂಡೇ ಕುಳಿತಿದ್ದಳು. ಮಗು ಚಾಪೆಯ ಮೇಲೆ ಮಲಗಿ ಮಾಡಿನ ಕಡೆ ನೋಡುತ್ತಿತ್ತು. ಅಜ್ಜಿ ಅದರ ಹತ್ತಿರ ಕುಳಿತು, ಹುಟ್ಟಿ ನಲವತ್ತು ದಿನ ಕಳೆದ ಆ ಮೊಮ್ಮಗಳನ್ನು ಮೊದಲ ಸಲ ಕಣ್ತುಂಬ ನೋಡಿದರು. ಕಿವಿ ನೋಡಿದರು, ಕಾಲಿನ ಬೆರಳು ನೋಡಿದರು. ಮೂಗು ಬಾಲಚಂದ್ರನದ್ದೇ ಎಂದರು. ಆಮೇಲೆ ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ಬೆನ್ನು ತಿರುಗಿಸಿ ಕುಳಿತರು. ನಾವು ಯಾರೂ ಆ ಕಡೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಟ್ರಂಕು ಬ್ರಹ್ಮಾವರದ ಬಸ್ಸಿಗೆ ಹೋಗಲಿಲ್ಲ, ಬಚ್ಚನ ದೋಣಿಗೆ ಹೋಯಿತು. ಅಜ್ಜಿ ಮಗುವನ್ನು ತಾವೇ ಎತ್ತಿಕೊಂಡು ಹತ್ತಿದರು. ಬಿಸಿಲಿಗೆ ಸೆರಗು ಮುಚ್ಚಿದರು, ಗಾಳಿಗೆ ತೆಗೆದರು, ಮತ್ತೆ ಮುಚ್ಚಿದರು. ವನಮಾಲತ್ತೆ ದೋಣಿಯ ಆ ತುದಿಯಲ್ಲಿ ಕುಳಿತು ನನ್ನ ಕಡೆ ಒಂದು ಸಲ ಕೈ ಎತ್ತಿದಳು. ನಾನು ಅಟ್ಲಾಸನ್ನು ಶಲ್ಯದಲ್ಲಿ ಸುತ್ತಿಕೊಂಡು ಶಾಲೆಗೆ ಹೊರಟೆ. ಪೆನ್ಸಿಲಿನ ಗುರುತನ್ನು ಅಳಿಸಬೇಕೇ ಎಂದು ಶಾಮರಾಯ ಮೇಷ್ಟ್ರನ್ನು ಕೇಳಿದಾಗ, ಇರಲಿ ಬಿಡು ಎಂದರು.

ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ವಾರ, ಬೈಂದೂರಿನ ಟಪಾಲಿನವನು ಹೊಲದ ಅಂಚಿನಿಂದಲೇ ಕೂಗುತ್ತ ಬಂದನಂತೆ. ಕೊಡೆ ಗಾಳಿಗೆ ಮಡಚಿಹೋಗಿತ್ತು, ಕಾಗದ ಮಾತ್ರ ಒದ್ದೆಯಾಗದ ಹಾಗೆ ಟೊಪ್ಪಿಯೊಳಗೆ ಇಟ್ಟುಕೊಂಡಿದ್ದ. ಮೆಟ್ಟಿಲಲ್ಲಿ ನಿಂತಿದ್ದ ವನಮಾಲತ್ತೆಯ ಕೈಗೇ ಅದನ್ನು ಕೊಟ್ಟ. ಚಿತ್ತಗಾಂಗಿನ ಆಸ್ಪತ್ರೆಯಿಂದ ಬಾಲಚಂದ್ರ ಮಾವ ಬರೆದದ್ದು: ಕಾಲಿಗೆ ಹುಣ್ಣು, ಜ್ವರ ಬಿಟ್ಟಿದೆ, ನಡೆಯಲು ಆದ ಕೂಡಲೇ ರೈಲು ಹತ್ತುತ್ತೇನೆ.

ಅವನು ಬದುಕಿದ್ದಕ್ಕೂ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿತು ಎಂಬುದಕ್ಕೂ ಏನು ಸಂಬಂಧ ಎಂದು ಆಮೇಲೆ ಕಾಲೇಜಿನಲ್ಲಿ ಭೂಗೋಳ ಓದುವಾಗ ನನ್ನ ಗೆಳತಿಯರು ಕೇಳುತ್ತಿದ್ದರು. ನನಗೆ ಗೊತ್ತಿಲ್ಲ. ಕಾಗದ ಬಂದಾಗ ಅದನ್ನು ತೆಗೆದುಕೊಳ್ಳಬೇಕಾದವಳು ಆ ಮೆಟ್ಟಿಲಲ್ಲಿದ್ದಳು ಎಂಬುದಷ್ಟೇ ನನಗೆ ಗೊತ್ತು.

ಅದೇ ವಾರ ನನಗೂ ಬೈಂದೂರಿನಿಂದ ಒಂದು ಕಾರ್ಡು ಬಂತು. ಅಕ್ಷರ ವನಮಾಲತ್ತೆಯದ್ದು, ಮಾತು ಅಜ್ಜಿಯದ್ದು. ಚಿತ್ತಗಾಂಗಿನಿಂದ ಬೈಂದೂರಿಗೆ ಎಷ್ಟು ಮೈಲಿ ಎಂದು ಅಳೆದು ತಿಳಿಸಬೇಕಂತೆ. ವಿಮಾನದ ಮೈಲಿ ಬೇಡ, ಅವನು ಬರುವುದು ರೈಲಿನಲ್ಲಿ. ದಾರಿ ಎಲ್ಲೆಲ್ಲಿ ತಿರುಗುತ್ತದೋ ಅಲ್ಲೆಲ್ಲ ತಿರುಗಿಯೇ ಅಳೆಯಬೇಕಂತೆ. ಶಾಮರಾಯ ಮೇಷ್ಟ್ರು ಮತ್ತೆ ಬೀರು ತೆಗೆದುಕೊಟ್ಟರು. ರೈಲಿನ ಗೆರೆ ಕಲಕತ್ತೆಯಿಂದ ಮದ್ರಾಸಿಗೆ, ಅಲ್ಲಿಂದ ಮಂಗಳೂರಿಗೆ ಹಾವಿನ ಹಾಗೆ ಹೋಗುತ್ತಿತ್ತು. ಅದರ ಮೇಲೆ ನೂಲನ್ನು ಜಾರದಂತೆ ಕೂರಿಸಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು.